ದಂಡದ ಲೆಕ್ಕ ಒಂದೇ ಕಡೆ: ಹಳೆಯ ಲೈಬ್ರರಿ ಆ್ಯಪ್ ಬಿಡಿಸಿ ಜೋಡಿಸಿದ ಕೆಲಸ

ಕರಾವಳಿಯ ಒಂದು ಸಣ್ಣ ಊರಿನಲ್ಲಿ ಟ್ರಸ್ಟ್ ನಡೆಸುವ ಲೈಬ್ರರಿ ಇದೆ. ಪುಸ್ತಕ ಇಶ್ಯೂ, ರಿಟರ್ನ್, ದಂಡ, ಸದಸ್ಯರ ಪಟ್ಟಿ ಎಲ್ಲವೂ ಅಲ್ಲಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಒಂದು ಆ್ಯಪ್‌ನಲ್ಲಿ ನಡೆಯುತ್ತದೆ. ಅದನ್ನು ಬರೆದವರು ಊರು ಬಿಟ್ಟು ಬಹಳ ಕಾಲವಾಯಿತು. ಈಗ ನೋಡಿಕೊಳ್ಳುವವನು ನಾನು. ಎರಡು ಕಾರಣಕ್ಕೆ ಅದನ್ನು ಬಿಚ್ಚಲೇಬೇಕಾಯಿತು. ಒಂದು, ಹೋಸ್ಟಿಂಗ್‌ನವರು ಪಿಎಚ್‌ಪಿ 5.6 ನಿಲ್ಲಿಸುತ್ತೇವೆ ಅಂದರು. ಆ ಆವೃತ್ತಿಗೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು 2018ರ ಕೊನೆಗೇ ನಿಂತಿತ್ತು, ಹಾಗಾಗಿ ಅವರು ಹೇಳಿದ್ದು ಸರಿಯೇ. ಇನ್ನೊಂದು, ಪುಸ್ತಕ ವಾಪಸ್ ಕೊಡಬೇಕಾದ ಹಿಂದಿನ ದಿನ ಸದಸ್ಯರಿಗೆ ಎಸ್‌ಎಂಎಸ್ ಹೋಗಬೇಕು ಅಂತ ಲೈಬ್ರರಿಯನ್ ಮೇಡಂ ಕೇಳಿದ್ದರು.

ಎಸ್‌ಎಂಎಸ್ ಸಣ್ಣ ಕೆಲಸದ ಹಾಗೆ ಕಾಣುತ್ತದೆ. ನಾಳೆ ಯಾರ ಪುಸ್ತಕದ ಗಡುವು ಅಂತ ಹುಡುಕುವುದು, ಮೆಸೇಜ್ ಕಳಿಸುವುದು, ಅಷ್ಟೇ ಅಲ್ವಾ? ಆದರೆ ಗಡುವು ಲೆಕ್ಕ ಹಾಕುವ ಸಾಲುಗಳು ಇದ್ದದ್ದು ರಿಟರ್ನ್ ಪುಟದ ಎಚ್‌ಟಿಎಂಎಲ್ (ವೆಬ್ ಪುಟದ ರೂಪ ಬರೆಯುವ ಭಾಷೆ) ಟೇಬಲ್ ಒಳಗೆ, ಒಂದು ಕಾಲಂಗೂ ಇನ್ನೊಂದು ಕಾಲಂಗೂ ನಡುವೆ. ಯಾರಾದರೂ ಲಾಗಿನ್ ಆಗಿ ಆ ಪುಟ ತೆರೆದರೆ ಮಾತ್ರ ಲೆಕ್ಕ ಸಿಗುತ್ತಿತ್ತು.

ಇಡೀ ಕೆಲಸಕ್ಕೆ ನಾನು ಇಟ್ಟುಕೊಂಡ ಪರೀಕ್ಷೆ ಅದರಿಂದಲೇ ಬಂತು. ಬೆಳಗಿನ ಜಾವ ತಾನಾಗಿ ಓಡುವ ಒಂದು ಸ್ಕ್ರಿಪ್ಟ್, ಬ್ರೌಸರ್ ಇಲ್ಲದೆ, ಲಾಗಿನ್ ಇಲ್ಲದೆ, ಕೌಂಟರ್‌ನಲ್ಲಿ ಬರುವ ಗಡುವನ್ನೇ ಲೆಕ್ಕ ಹಾಕಬೇಕು. ಅದೂ ಅದೇ ಕೋಡ್ ಬಳಸಿ, ನಕಲು ಮಾಡದೆ. ಅದು ಸಾಧ್ಯವಾದರೆ ಕೋಡ್ ನಿಜವಾಗಿ ಬೇರೆಯಾಗಿದೆ. ರೂಢಿಯಂತೆ ಮಾಡೆಲ್ (ಡೇಟಾ), ವ್ಯೂ (ತೋರಿಕೆ), ಕಂಟ್ರೋಲರ್ (ನಿಯಂತ್ರಣ) ಅಂತ ಮೂರು ಫೋಲ್ಡರ್ ಮಾಡಿ ಫೈಲ್‌ಗಳನ್ನು ಹಂಚಿದ ಮಾತ್ರಕ್ಕೆ ಏನೂ ಬೇರೆಯಾಗುವುದಿಲ್ಲ.

ಮುಟ್ಟುವ ಮೊದಲು

ಡೇಟಾಬೇಸ್‌ನ ಪೂರ್ತಿ ಪ್ರತಿ (ಡಂಪ್) ತೆಗೆದು ಎತ್ತಿಟ್ಟೆ. ಕೋಡ್ ಗಿಟ್‌ಗೆ, ಅಂದರೆ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನಕ್ಕೆ, ಹೋಯಿತು. ನನ್ನ ಲ್ಯಾಪ್‌ಟಾಪ್‌ನ ಪ್ರತಿಯಲ್ಲಿ ಸದಸ್ಯರ ಫೋನ್ ನಂಬರ್ ಎಲ್ಲಾ ಅಳಿಸಿ ಸುಳ್ಳು ನಂಬರ್ ತುಂಬಿದೆ. ಎಸ್‌ಎಂಎಸ್ ಕೋಡ್ ಪರೀಕ್ಷೆ ಮಾಡುವಾಗ ನಿಜವಾದ ಮನುಷ್ಯರಿಗೆ ಮೆಸೇಜ್ ಹೋಗಬಾರದು.

ಹಳೆಯ ಕೋಡ್‌ಗೆ ಟೆಸ್ಟ್ ಒಂದೂ ಇರಲಿಲ್ಲ. ಆದ್ದರಿಂದ ಅದು ಈಗ ಏನು ಕೊಡುತ್ತಿದೆಯೋ ಅದನ್ನೇ ಹಿಡಿದಿಟ್ಟೆ. ಬ್ರೌಸರ್ ಇಲ್ಲದೆ ಪುಟ ತರುವ ಕರ್ಲ್ ಅನ್ನುವ ಸಾಧನದಿಂದ ಮುಖ್ಯ ಪುಟಗಳನ್ನೆಲ್ಲ ತೆರೆದು ಬಂದ ಎಚ್‌ಟಿಎಂಎಲ್ ಅನ್ನು ಫೈಲ್‌ಗಳಲ್ಲಿ ಉಳಿಸಿದೆ. ಕೋಡ್ ಬದಲಿಸಿದ ಮೇಲೆ ಮತ್ತೆ ತೆರೆದು ಡಿಫ್ (ಎರಡರ ನಡುವಿನ ವ್ಯತ್ಯಾಸ) ನೋಡುವುದು. ವ್ಯತ್ಯಾಸ ಬಂದರೆ ಅದು ನಾನು ಬೇಕೆಂದೇ ಮಾಡಿದ್ದೋ, ಅಲ್ಲವೋ ಅಂತ ಕೇಳಿಕೊಳ್ಳುವುದು. ತೀರಾ ಒರಟು ವಿಧಾನ, ಆದರೆ ಹಳೆಯ ಕೋಡ್‌ಗೆ ಇದಕ್ಕಿಂತ ಬೇಗ ಸಿಗುವ ಭದ್ರತೆ ಇಲ್ಲ.

ಈ ವಿಧಾನ ಮೊದಲ ದಿನವೇ ಒಂದು ವಿಷಯ ತೋರಿಸಿಕೊಟ್ಟಿತು. ಏನೂ ಮುಟ್ಟದಿದ್ದರೂ ಮರುದಿನ ಪುಟ ಬೇರೆಯಾಗಿತ್ತು, ಏಕೆಂದರೆ ದಂಡ ಒಂದು ದಿನದಷ್ಟು ಬೆಳೆದಿತ್ತು. ಕೋಡ್ ಹತ್ತಾರು ಕಡೆ ಇವತ್ತಿನ ತಾರೀಖನ್ನು ನೇರವಾಗಿ ಗಡಿಯಾರದಿಂದ ಕೇಳುತ್ತಿತ್ತು. ಹಾಗಾಗಿ ಮೊಟ್ಟಮೊದಲು ಬೇರೆ ಮಾಡಿದ್ದು ಡೇಟಾಬೇಸ್ ಅಲ್ಲ, ಗಡಿಯಾರ. ಪುಟ ಶುರುವಾಗುವಾಗ ಒಂದೇ ಸಲ ‘ಇವತ್ತು’ ಯಾವ ದಿನ ಅಂತ ನಿಶ್ಚಯಿಸಿ, ಮುಂದೆ ಬೇಕಾದ ಫಂಕ್ಷನ್‌ಗಳಿಗೆಲ್ಲ ಅದನ್ನೇ ಕೊಡುವುದು. ಪರೀಕ್ಷೆಯಲ್ಲಿ ನನಗೆ ಬೇಕಾದ ತಾರೀಖು ಕೊಡಬಹುದು.

ಇದರಿಂದ ಇನ್ನೊಂದು ಲಾಭವಾಯಿತು. ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಲೈಬ್ರರಿ ಬಾಗಿಲು ತೆರೆಯುವುದು ಬೆಳಗ್ಗೆ ಒಂಬತ್ತರ ನಂತರ, ಆ ಹೊತ್ತಿಗೆ ಎರಡೂ ಕಡೆ ತಾರೀಖು ಒಂದೇ ಇರುತ್ತದೆ. ಆದ್ದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಆದರೆ ಎಸ್‌ಎಂಎಸ್ ಪಟ್ಟಿ ತಯಾರಾಗುವುದು ಬೆಳಗಿನ ಐದಕ್ಕೆ. ಆಗ ಸರ್ವರ್‌ಗೆ ಇನ್ನೂ ನಿನ್ನೆ. ‘ನಾಳೆ ಗಡುವು’ ಅಂತ ಹುಡುಕಿದರೆ ಇವತ್ತಿನ ಗಡುವಿನವರು ಸಿಗುತ್ತಿದ್ದರು. ಈಗ ಟೈಮ್‌ಜೋನ್ ಏಷ್ಯಾ/ಕೋಲ್ಕತಾ ಅಂತ ಒಂದೇ ಕಡೆ ಬರೆದಿದೆ.

ಕ್ವೆರಿಗಳು

ಹಳೆಯ ಫೈಲ್‌ಗಳು ಪ್ರತಿಯೊಂದೂ ತನ್ನ ಪಾಡಿಗೆ ಡೇಟಾಬೇಸ್ ತೆರೆಯುತ್ತಿದ್ದವು, ಮೈಎಸ್‌ಕ್ಯುಎಲ್ ಡೇಟಾಬೇಸ್‌ಗೆಂದು ಪಿಎಚ್‌ಪಿಯಲ್ಲಿದ್ದ ಹಳೆಯ ಫಂಕ್ಷನ್‌ಗಳಿಂದ. ಅವು ಪಿಎಚ್‌ಪಿ 7.0ಯಲ್ಲೇ ಹೋಗಿಬಿಟ್ಟಿವೆ, 8ರಲ್ಲಿ ಇಲ್ಲವೇ ಇಲ್ಲ. ಹುಡುಕಿ ಬದಲಿಸು ಅಂತ ಒಂದೇ ಏಟಿಗೆ ಹೆಸರು ಬದಲಿಸುವ ದಾರಿ ಇದೆ. ಅದು ನನಗೆ ಬೇಡವಾಗಿತ್ತು. ಹೇಗೂ ಪ್ರತಿ ಕ್ವೆರಿಯನ್ನೂ (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ ಅಥವಾ ಆದೇಶ) ಮುಟ್ಟಬೇಕು, ಮುಟ್ಟುವಾಗಲೇ ಅದನ್ನು ಪುಟದಿಂದ ಎತ್ತಿ ಬೇರೆ ಫೈಲ್‌ಗೆ ಹಾಕಿದೆ. ಪುಸ್ತಕ, ಸದಸ್ಯ, ಇಶ್ಯೂ ಮೂರಕ್ಕೂ ಒಂದೊಂದು ಫೈಲ್. ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯುಎಲ್ ಅನ್ನುವುದು ಆ ಮೂರು ಫೈಲ್ ಬಿಟ್ಟು ಹೊರಗೆ ಎಲ್ಲೂ ಕಾಣಬಾರದು. ಕೆಲಸ ಎಲ್ಲಿಗೆ ಬಂತು ಅಂತ ತಿಳಿಯಲು ಕ್ವೆರಿಯಲ್ಲಿ ಬರುವ ‘ಸೆಲೆಕ್ಟ್’ ಪದವನ್ನು ಗ್ರೆಪ್ ಮಾಡಿದರೆ, ಅಂದರೆ ಎಲ್ಲ ಫೈಲ್‌ಗಳಲ್ಲೂ ಹುಡುಕಿದರೆ, ಸಾಕು.

ಈ ಹಂತದಲ್ಲೇ ಡಿ'ಸೋಜ ಸಮಸ್ಯೆ ಸಿಕ್ಕಿದ್ದು. ಕರಾವಳಿಯಲ್ಲಿ ಡಿ'ಸೋಜ, ಡಿ'ಕುನ್ಹ ಅನ್ನುವ ಸದಸ್ಯರು ಬೇಕಾದಷ್ಟು. ಡೇಟಾಬೇಸ್‌ನಲ್ಲಿ ಕೆಲವರ ಹೆಸರಿನ ನಡುವೆ ಒಂದು ಓರೆಗೆರೆ ಕೂತಿತ್ತು. ಇನ್ನು ಕೆಲವರಿಗೆ ಮೇಲಿನ ಚುಕ್ಕೆಯೇ ಇರಲಿಲ್ಲ, ಸುಮ್ನೆ ಡಿಸೋಜ. ಕಾರಣ ಹುಡುಕಿದರೆ ಹೀಗೆ. ಆ್ಯಪ್ ಹುಟ್ಟಿದ್ದು ಪಿಎಚ್‌ಪಿಯಲ್ಲಿ ಮ್ಯಾಜಿಕ್ ಕೋಟ್ಸ್ ಇದ್ದ ಕಾಲದಲ್ಲಿ. ಫಾರಂನಿಂದ ಬಂದ ಪ್ರತಿ ಕೋಟ್ ಗುರುತಿಗೂ ಪಿಎಚ್‌ಪಿ ತಾನಾಗಿಯೇ ಓರೆಗೆರೆ ಸೇರಿಸುತ್ತಿತ್ತು. ಹೊಸ ಸದಸ್ಯರ ಪುಟದ ಕೋಡ್ ಅದರ ಮೇಲೆ ತಾನೂ ಇನ್ನೊಂದು ಸೇರಿಸುತ್ತಿತ್ತು. ಎರಡು ಸಲ ಸೇರಿದ್ದರಿಂದ ಒಂದು ಡೇಟಾದಲ್ಲೇ ಉಳಿಯಿತು. 5.4ರಲ್ಲಿ ಮ್ಯಾಜಿಕ್ ಕೋಟ್ಸ್ ತೆಗೆದುಹಾಕಿದರು. ಅಲ್ಲಿಂದ ಹೊಸ ಸದಸ್ಯರ ಪುಟ ಸರಿಯಾಯಿತು. ಆದರೆ ವಿವರ ತಿದ್ದುವ ಪುಟ ಏನೂ ಸೇರಿಸದೆ ಮ್ಯಾಜಿಕ್ ಕೋಟ್ಸ್ ನಂಬಿಕೊಂಡೇ ಕೂತಿತ್ತು. ಅಲ್ಲಿ ಡಿ'ಸೋಜ ಅಂತ ಬರೆದರೆ ಕ್ವೆರಿಯೇ ಮುರಿಯುತ್ತಿತ್ತು. ಕೌಂಟರ್‌ನಲ್ಲಿದ್ದವರು ಚುಕ್ಕೆ ಬಿಟ್ಟು ಬರೆಯುವುದನ್ನು ರೂಢಿ ಮಾಡಿಕೊಂಡಿದ್ದರು. ತಮ್ಮ ಹೆಸರನ್ನು ಒಂದು ಆ್ಯಪ್‌ಗಾಗಿ ತಪ್ಪಾಗಿ ಬರೆಸಿಕೊಳ್ಳುವ ಸ್ಥಿತಿ ಯಾರಿಗೂ ಬರಬಾರದು.

ಹೆಸರು ಮುರಿಯುವುದಷ್ಟೇ ಅಲ್ಲ, ಅದೇ ಸಂದಿಯಲ್ಲಿ ಬೇರೆಯವರು ಬೇಕಾದ ಎಸ್‌ಕ್ಯುಎಲ್ ತೂರಿಸಬಹುದಿತ್ತು. ಪಿಡಿಒ ಅನ್ನುವ ಪಿಎಚ್‌ಪಿಯ ಡೇಟಾಬೇಸ್ ಸಾಧನ ಬಳಸಿ ಕ್ವೆರಿಯನ್ನೂ ಅದರಲ್ಲಿ ತುಂಬುವ ಮಾಹಿತಿಯನ್ನೂ ಬೇರೆ ಬೇರೆ ಕೊಟ್ಟರೆ ಎರಡೂ ಒಟ್ಟಿಗೆ ಮುಗಿಯುತ್ತದೆ. ಕ್ವೆರಿಗಳೆಲ್ಲ ಮೂರೇ ಫೈಲ್‌ನಲ್ಲಿ ಇದ್ದದ್ದರಿಂದ ಯಾವುದೂ ತಪ್ಪಿಹೋಗಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಕನ್ನಡ ಅಕ್ಷರಗಳ ಕಥೆ ಇನ್ನೂ ಉದ್ದ. ಟೇಬಲ್‌ಗಳು ಲ್ಯಾಟಿನ್-1 ಅನ್ನುವ, ಅಕ್ಷರಕ್ಕೆ ಒಂದೇ ಬೈಟ್ ಬಳಸುವ ಎನ್‌ಕೋಡಿಂಗ್‌ನಲ್ಲಿದ್ದವು, ಹಳೆಯ ಕನೆಕ್ಷನ್ ಕೂಡ ಹಾಗೇ. ಪುಟಗಳು ಮಾತ್ರ ಕನ್ನಡಕ್ಕೂ ಆಗುವ ಯುಟಿಎಫ್-8. ಬೈಟ್‌ಗಳು ಹೋದ ಹಾಗೇ ಒಳಗೆ ಹೋಗಿ, ಇದ್ದ ಹಾಗೇ ಹೊರಗೆ ಬರುತ್ತಿದ್ದವು. ಹಾಗಾಗಿ ಪರದೆಯ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಹೊಸ ಕನೆಕ್ಷನ್‌ಗೆ ಯುಟಿಎಫ್8-ಎಂಬಿ4 (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ಣ ಯುಟಿಎಫ್-8ರ ಹೆಸರು) ಅಂತ ಹೇಳಿದ ತಕ್ಷಣ ಪುಸ್ತಕದ ಹೆಸರುಗಳೆಲ್ಲ ಗೀಚಿದ ಹಾಗೆ ಕಂಡವು. ಇಲ್ಲಿ ಕಾಲಂ ಅನ್ನು ನೇರವಾಗಿ ಯುಟಿಎಫ್8ಗೆ ಬದಲಿಸಿದರೆ ಮೈಎಸ್‌ಕ್ಯುಎಲ್ ಆ ಗೀಚನ್ನೇ ನಿಜವಾದ ಅಕ್ಷರ ಅಂತ ತಿಳಿದು ಮತ್ತೊಮ್ಮೆ ಪರಿವರ್ತಿಸುತ್ತದೆ. ಸರಿಯಾದ ದಾರಿ ಎರಡು ಹೆಜ್ಜೆಯದು. ಮೊದಲು ಕಾಲಂ ಅನ್ನು ಬೈನರಿ ಮಾಡುವುದು, ಆಗ ಬೈಟ್‌ಗಳಿಗೆ ಯಾವ ಅರ್ಥವೂ ಇರುವುದಿಲ್ಲ. ಆಮೇಲೆ ಅದನ್ನು ಯುಟಿಎಫ್8-ಎಂಬಿ4 ಅಂತ ಘೋಷಿಸುವುದು.

ಎರಡನೆಯ ಹೆಜ್ಜೆಯಲ್ಲಿ ಮೈಎಸ್‌ಕ್ಯುಎಲ್ ತಕರಾರು ಮಾಡಿತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಹೆಸರಿನ ಕಾಲಂ 100 ಅಕ್ಷರದ್ದು, ಅಂದರೆ ಲ್ಯಾಟಿನ್-1ರಲ್ಲಿ 100 ಬೈಟ್. ಅದರೊಳಗೆ 33 ಕನ್ನಡ ಚಿಹ್ನೆ ಹಿಡಿಯುತ್ತದೆ, ಒಂದು ಬೈಟ್ ಮಿಕ್ಕುತ್ತದೆ. ಕ್ಷ ಅನ್ನುವ ಒಂದೇ ಅಕ್ಷರಕ್ಕೆ ಕ, ಅರ್ಧಾಕ್ಷರದ ಚಿಹ್ನೆ, ಷ ಸೇರಿ ಮೂರು ಚಿಹ್ನೆ, 9 ಬೈಟ್. ಹಾಗಾಗಿ ಉದ್ದ ಹೆಸರಿನ ಪುಸ್ತಕಗಳ ಬಾಲ ಕತ್ತರಿಸಿಹೋಗಿತ್ತು, ಕೆಲವು ಅಕ್ಷರದ ನಡುವೆಯೇ. ಅಂಥ ಸಾಲುಗಳನ್ನು ಪಟ್ಟಿ ಮಾಡಿ ಕೊಟ್ಟೆ. ಮೇಡಂ ಕಪಾಟಿನಿಂದ ಪುಸ್ತಕ ತೆಗೆದು ನೋಡಿ ಪೂರ್ತಿ ಹೆಸರು ಮತ್ತೆ ಬರೆದುಕೊಟ್ಟರು.

ದಂಡ

ಇದೇ ನನಗೆ ಮುಖ್ಯವಾದ ಭಾಗ. ದಂಡದ ಲೆಕ್ಕ ಮೂರು ಕಡೆ ಇತ್ತು: ರಿಟರ್ನ್ ಪುಟ, ಸದಸ್ಯರ ಖಾತೆ ಪುಟ, ತಿಂಗಳ ವರದಿ. ಒಂದನ್ನು ನೋಡಿ ಇನ್ನೊಂದು ಬರೆದದ್ದು, ಆಮೇಲೆ ಒಂದೊಂದನ್ನೂ ಬೇರೆ ಬೇರೆ ಸಂದರ್ಭದಲ್ಲಿ ತಿದ್ದಿದ್ದು. ಒಂದು ಉದಾಹರಣೆಯನ್ನು ಮೂರಕ್ಕೂ ಕೊಟ್ಟು ನೋಡಿದೆ. 2024ರ ಜೂನ್ 1ರಂದು ಕೊಂಡುಹೋದ ಪುಸ್ತಕ. 14 ದಿನದ ಅವಧಿ, ಗಡುವು ಜೂನ್ 15. ವಾಪಸ್ ಬಂದದ್ದು ಜೂನ್ 20. ದಿನಕ್ಕೆ ಒಂದು ರೂಪಾಯಿ ದಂಡ. ವರದಿ 5 ರೂಪಾಯಿ ಅಂದಿತು. ಖಾತೆ ಪುಟ 16ನೇ ತಾರೀಖಿನ ಭಾನುವಾರ ಬಿಟ್ಟು 4 ಅಂದಿತು. ರಿಟರ್ನ್ ಪುಟ 17ರ ಬಕ್ರೀದ್ ರಜೆಯನ್ನೂ ಬಿಟ್ಟು 3 ಅಂದಿತು. ತಿಂಗಳ ಕೊನೆಯಲ್ಲಿ ಡಬ್ಬದ ಹಣವೂ ವರದಿಯೂ ಯಾಕೆ ತಾಳೆಯಾಗುವುದಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು.

ಯಾವುದು ಸರಿ ಅಂತ ಕೋಡ್ ಓದಿ ಹೇಳಲು ಆಗುವುದಿಲ್ಲ. ಮೇಡಂ ಹತ್ತಿರ ಕೂತು ಕೇಳಿದೆ.

“ರಜೆ ದಿನಕ್ಕೆ ದಂಡ ಹಾಕುವ ಹಾಗಿಲ್ಲ,” ಅಂದರು. “ನಾವೇ ಬಾಗಿಲು ಹಾಕಿರ್ತೇವಲ್ಲ, ಅವರು ಎಲ್ಲಿ ತಂದುಕೊಡಬೇಕು?”

“ಗಡುವಿನ ದಿನವೇ ರಜೆ ಬಂದರೆ ಮೇಡಂ?”

“ಆಗ ಮರುದಿನ ತಂದರೂ ದಂಡ ಇಲ್ಲ. ನಾನು ಕೈಯಲ್ಲೇ ಸೊನ್ನೆ ಮಾಡ್ತೇನೆ.”

ಈ ಕೊನೆಯ ನಿಯಮ ಮೂರರಲ್ಲಿ ಯಾವ ಕೋಡ್‌ನಲ್ಲೂ ಇರಲಿಲ್ಲ, ಅವರ ಕೈಯಲ್ಲಿ ಮಾತ್ರ ಇತ್ತು. ಅವರು ಹೇಳಿದ್ದನ್ನು ಅವರ ಮುಂದೆಯೇ ಬರೆದುಕೊಂಡೆ. ಕೋಡ್ ಕೂಡ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ:

    ಗಡುವು(ಇಶ್ಯೂ_ದಿನ, ರಜೆಗಳು):
        ದಿನ = ಇಶ್ಯೂ_ದಿನ + 14
        ದಿನ ರಜೆಯಾಗಿರುವ ತನಕ ಒಂದೊಂದು ದಿನ ಮುಂದಕ್ಕೆ
        ಉತ್ತರ: ದಿನ

    ದಂಡ(ಗಡುವು, ರಿಟರ್ನ್_ದಿನ, ರಜೆಗಳು, ದರ):
        ತಡ = ಗಡುವಿನ ಮರುದಿನದಿಂದ ರಿಟರ್ನ್_ದಿನದವರೆಗೆ, ರಜೆ ಬಿಟ್ಟು
        ಉತ್ತರ: ತಡ × ದರ

ಮಕ್ಕಳ ಸದಸ್ಯತ್ವಕ್ಕೆ ದಂಡ ಇಲ್ಲ, ದಂಡ ಪುಸ್ತಕದ ಬೆಲೆ ಮೀರಬಾರದು ಅನ್ನುವ ಎರಡು ನಿಯಮ ಇದರ ಜೊತೆ ಸೇರುತ್ತವೆ. ಗಮನಿಸಬೇಕಾದದ್ದು ಇಲ್ಲಿ ಏನೇನು ಇಲ್ಲ ಅನ್ನುವುದನ್ನು. ಡೇಟಾಬೇಸ್ ಇಲ್ಲ. ಎಚ್‌ಟಿಎಂಎಲ್ ಇಲ್ಲ. ಲಾಗಿನ್ ಸೆಷನ್ ಇಲ್ಲ. ಗಡಿಯಾರವೂ ಇಲ್ಲ. ರಜೆಗಳ ಪಟ್ಟಿಯನ್ನು ಯಾರೋ ಹೊರಗಿನಿಂದ ತಂದುಕೊಡುತ್ತಾರೆ. ಆದ್ದರಿಂದ ಪರೀಕ್ಷೆ ಮಾಡಲು ಡೇಟಾಬೇಸ್ ಏರಿಸುವ ಕೆಲಸವೇ ಬೇಡ. ಜೂನ್ 1, ಜೂನ್ 20, ಎರಡು ರಜೆ ಕೊಟ್ಟರೆ 3 ರೂಪಾಯಿ ಬರಬೇಕು. ಜೂನ್ 3ಕ್ಕೆ ಕೊಂಡುಹೋಗಿದ್ದರೆ 14 ದಿನಕ್ಕೆ ಬಕ್ರೀದ್ ರಜೆ, ಹಾಗಾಗಿ ಗಡುವು 18ಕ್ಕೆ ಜಾರಬೇಕು. ಇಂಥ ಸಾಲುಗಳನ್ನು ಮೇಡಂ ಹಳೆಯ ರಿಜಿಸ್ಟರ್‌ನಿಂದ ಆರಿಸಿಕೊಟ್ಟರು, ನಾನು ಟೆಸ್ಟ್ ಮಾಡಿದೆ.

ಪಿಎಚ್‌ಪಿಯಲ್ಲಿ ಫಂಕ್ಷನ್ ಹೆಸರನ್ನು ಮೇಲಿನ ಹಾಗೆ ಕನ್ನಡದಲ್ಲೇ ಇಡಬಹುದು, ಅದು ನಡೆಯುತ್ತದೆ. ನನಗೆ ಆಸೆಯೂ ಇತ್ತು. ಆದರೆ ಕನ್ನಡ ಟೈಪ್ ಮಾಡುವಾಗ ಒತ್ತಕ್ಷರ ಬಿಡಿಸಲು ಬರುವ ಕಣ್ಣಿಗೆ ಕಾಣದ ಗುರುತು ಹೆಸರಿನೊಳಗೆ ಸೇರಿಕೊಂಡರೆ, ನೋಡಲು ಒಂದೇ ತರ ಇರುವ ಎರಡು ಹೆಸರು ಪಿಎಚ್‌ಪಿಗೆ ಬೇರೆ ಬೇರೆ ಆಗುತ್ತವೆ. ಮುಂದೆ ನೋಡಿಕೊಳ್ಳುವವರಿಗೆ ಆ ಕಷ್ಟ ಬೇಡ ಅಂತ ಹೆಸರು ಇಂಗ್ಲಿಷ್‌ನಲ್ಲಿ ಇಟ್ಟು, ಮೇಡಂ ಹೇಳಿದ ನಿಯಮವನ್ನು ಕನ್ನಡದಲ್ಲಿ ಕಾಮೆಂಟ್ ಆಗಿ ಮೇಲೆ ಬರೆದೆ.

ಎಲ್ಲಿ ಕತ್ತರಿಸಬೇಕು ಅನ್ನುವ ಪ್ರಶ್ನೆಗೆ ನನಗೆ ದಾರಿ ತೋರಿಸಿದ್ದು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರಲ್ಲಿ ಬರೆದ ಒಂದು ಪ್ರಬಂಧ. ಒಂದು ಸೂಚಿ ತಯಾರಿಸುವ ಪ್ರೋಗ್ರಾಂ ಅನ್ನು ಅವರು ಎರಡು ರೀತಿ ವಿಂಗಡಿಸಿ ತೋರಿಸುತ್ತಾರೆ. ಒಂದರಲ್ಲಿ ಕೆಲಸ ನಡೆಯುವ ಹೆಜ್ಜೆಗಳ ಪ್ರಕಾರ: ಓದು, ತಿರುಗಿಸು, ಅಕಾರಾದಿಯಾಗಿ ಜೋಡಿಸು, ಅಚ್ಚು ಹಾಕು. ಇನ್ನೊಂದರಲ್ಲಿ, ಮುಂದೆ ಬದಲಾಗಬಹುದಾದ ತೀರ್ಮಾನ ಒಂದೊಂದನ್ನೂ ಒಂದೊಂದು ಭಾಗದೊಳಗೆ ಮುಚ್ಚಿಟ್ಟು. ಎರಡನೆಯದೇ ಮೇಲು ಅಂತ ಅವರ ವಾದ. ನಾನೂ ಹಾಗೇ ಕೇಳಿಕೊಂಡೆ: ಇದನ್ನು ಬದಲಿಸಿ ಅಂತ ಯಾರು ಬರುತ್ತಾರೆ? ದಂಡ ಬದಲಿಸಿ ಅಂತ ಟ್ರಸ್ಟ್‌ನವರು. ಡೇಟಾಬೇಸ್ ಬದಲಿಸಿ ಅಂತ ಹೋಸ್ಟಿಂಗ್‌ನವರು. ಅಕ್ಷರ ದೊಡ್ಡದು ಮಾಡಿ ಅಂತ ಕೌಂಟರ್‌ನವರು. ಒಬ್ಬರ ಬೇಡಿಕೆಗೆ ಇನ್ನೊಬ್ಬರ ಫೈಲ್ ತೆರೆಯುವ ಹಾಗಾಗಬಾರದು.

ಪುಟಗಳು

ಪುಟದ ಅಚ್ಚು (ಟೆಂಪ್ಲೇಟ್) ತುಂಬಿಕೊಡುವ ಟೆಂಪ್ಲೇಟ್ ಎಂಜಿನ್ ಯಾವುದೂ ಹಾಕಲಿಲ್ಲ. ಪಿಎಚ್‌ಪಿಯೇ ಟೆಂಪ್ಲೇಟ್ ಆಗಲು ಸಾಕು. ಕಟ್ಟುನಿಟ್ಟು ಒಂದೇ: ಟೆಂಪ್ಲೇಟ್ ಒಳಗೆ ಲೂಪ್ ಇರಬಹುದು, ಇಫ್ ಇರಬಹುದು, ಬೇರೇನೂ ಇಲ್ಲ. ಪುಟ ಮೊದಲು ಬೇಕಾದದ್ದೆಲ್ಲ ತಂದು, ಲೆಕ್ಕ ಮುಗಿಸಿ, ಕಟ್ಟಕಡೆಗೆ ಟೆಂಪ್ಲೇಟ್ ಕರೆಯುತ್ತದೆ.

ಇದರಿಂದ ತಾನಾಗಿ ಸರಿಹೋದದ್ದು ಎರಡಿದೆ. ಹಿಂದೆ ರಿಟರ್ನ್ ಬಟನ್ ಒತ್ತಿದ ಮೇಲೆ ಪುಟ ರಿಫ್ರೆಶ್ ಮಾಡಿದರೆ ದಂಡ ಎರಡು ಸಲ ದಾಖಲಾಗುತ್ತಿತ್ತು. ಬೇರೆ ಪುಟಕ್ಕೆ ಕಳಿಸೋಣ ಅಂದರೆ ಅಷ್ಟರಲ್ಲಿ ಎಚ್‌ಟಿಎಂಎಲ್ ಅರ್ಧ ಹೊರಗೆ ಹೋಗಿರುತ್ತಿತ್ತು, ಪುಟಕ್ಕಿಂತ ಮೊದಲೇ ಹೋಗಬೇಕಾದ ಆ ಸೂಚನೆ (ಹೆಡರ್) ಕಳಿಸಲು ಆಗುತ್ತಿರಲಿಲ್ಲ. ಈಗ ದಾಖಲಾದ ತಕ್ಷಣ ಬೇರೆ ಪುಟಕ್ಕೆ ರೀಡೈರೆಕ್ಟ್. ಇನ್ನೊಂದು, ಸದಸ್ಯರ ಪಟ್ಟಿ ನಿಧಾನವಾಗಿ ತೆರೆಯುತ್ತಿದ್ದದ್ದು. ಪ್ರತಿ ಸದಸ್ಯರ ಸಾಲಿನಲ್ಲೂ ಒಂದೊಂದು ಕ್ವೆರಿ ಅಡಗಿತ್ತು. ಟೆಂಪ್ಲೇಟ್‌ನಲ್ಲಿ ಕ್ವೆರಿ ಕೂಡದು ಅಂದಾಗ ಅದು ಕಣ್ಣಿಗೆ ಬಿತ್ತು, ಒಂದೇ ಕ್ವೆರಿಯಲ್ಲಿ ಎಲ್ಲರ ಬಾಕಿ ತಂದರೆ ಆಯಿತು.

ಎಸ್ಕೇಪ್ ಮಾಡುವ, ಅಂದರೆ ವಿಶೇಷ ಚಿಹ್ನೆಗಳನ್ನು ಅಪಾಯವಿಲ್ಲದ ರೂಪಕ್ಕೆ ಬದಲಿಸುವ, ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಹಳೆಯ ಕೋಡ್ ಪ್ರಕಾಶಕರ ಹೆಸರಿನಲ್ಲಿ & ಚಿಹ್ನೆ ಬಂದರೆ ಅದನ್ನು ಎಚ್‌ಟಿಎಂಎಲ್ ಗುರುತಾಗಿ ಬದಲಿಸಿ ಡೇಟಾಬೇಸ್‌ಗೆ ಹಾಕುತ್ತಿತ್ತು. ಪರದೆಯಲ್ಲಿ ಸರಿ, ಆದರೆ ಎಕ್ಸೆಲ್ ಫೈಲ್‌ನಲ್ಲಿ ಆ ಗುರುತೇ ಕಾಣುತ್ತಿತ್ತು. ಡೇಟಾಬೇಸ್‌ನಲ್ಲಿ ಇರಬೇಕಾದದ್ದು ಮನುಷ್ಯರು ಬರೆದ ಹೆಸರು ಮಾತ್ರ. ಎಚ್‌ಟಿಎಂಎಲ್‌ಗೆ ಹೋಗುವಾಗ ಎಚ್‌ಟಿಎಂಎಲ್ ರೀತಿ, ಎಕ್ಸೆಲ್ ತೆರೆಯುವ ಸಿಎಸ್‌ವಿ ಫೈಲ್‌ಗೆ ಹೋಗುವಾಗ ಸಿಎಸ್‌ವಿ ರೀತಿ, ಹೊರಡುವ ಬಾಗಿಲಲ್ಲೇ ಆ ಕೆಲಸ ಆಗಬೇಕು.

ಉದ್ದ ಹೆಸರನ್ನು ಮೊಟಕು ಮಾಡುವುದೂ ಹಾಗೇ, ಅದು ತೋರಿಸುವವರ ಕೆಲಸ. ಹಳೆಯ ಪಟ್ಟಿ ಪುಟ ಹೆಸರಿನ ಮೊದಲ 30 ಬೈಟ್ ಕತ್ತರಿಸುತ್ತಿತ್ತು. ಹೆಸರಿನಲ್ಲಿ ಒಂದೇ ಒಂದು ಸ್ಪೇಸ್ ಇದ್ದರೂ ಸಾಕು, ಉಳಿದ 29 ಬೈಟ್ ಮೂರರಿಂದ ಭಾಗವಾಗದೆ ಕೊನೆಯ ಅಕ್ಷರ ತುಂಡಾಗುತ್ತದೆ. 8.1ಕ್ಕಿಂತ ಹಿಂದಿನ ಪಿಎಚ್‌ಪಿ ತುಂಡು ಅಕ್ಷರ ಕಂಡರೆ ಎಸ್ಕೇಪ್ ಮಾಡುವಾಗ ಇಡೀ ಹೆಸರನ್ನೇ ಖಾಲಿ ಮಾಡಿ ಕೊಡುತ್ತಿತ್ತು. ಪಟ್ಟಿಯಲ್ಲಿ ಕೆಲವು ಪುಸ್ತಕಗಳ ಹೆಸರೇ ಬರುತ್ತಿಲ್ಲ ಅನ್ನುವ ದೂರಿಗೆ ಇದು ಕಾರಣ. ಈಗ ಗ್ರಾಫೀಮ್ (ಅಕ್ಷರವೂ ಅದಕ್ಕೆ ಅಂಟಿದ ಗುರುತೂ ಸೇರಿದ ಘಟಕ) ಲೆಕ್ಕದಲ್ಲಿ ಕತ್ತರಿಸುವ ಫಂಕ್ಷನ್ ಒಂದಿದೆ. ಅದು ಬೈಟ್‌ಗಳ ನಡುವೆ ಕತ್ತರಿಸುವುದಿಲ್ಲ, ಕಾಗುಣಿತದ ಗುರುತನ್ನೂ ಅಕ್ಷರದಿಂದ ಬೇರೆ ಮಾಡುವುದಿಲ್ಲ.

ಎಸ್‌ಎಂಎಸ್

ಇಷ್ಟಾದ ಮೇಲೆ ಎಸ್‌ಎಂಎಸ್ ಸ್ಕ್ರಿಪ್ಟ್ ಒಂದೇ ಪರದೆಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು. ವಾಪಸ್ ಬರದ ಪುಸ್ತಕಗಳನ್ನು ಇಶ್ಯೂ ಫೈಲ್ ಕೊಡುತ್ತದೆ. ಗಡುವು ಫಂಕ್ಷನ್ ದಿನ ಹೇಳುತ್ತದೆ. ನಾಳೆಯದಾದರೆ ಮೆಸೇಜ್ ಸಾಲಿಗೆ ಸೇರುತ್ತದೆ. ರಜೆಯಿಂದ ಗಡುವು ಜಾರಿದ್ದರೆ ಮೆಸೇಜೂ ಜಾರುತ್ತದೆ. ಅದಕ್ಕಾಗಿ ಹೊಸದಾಗಿ ಏನೂ ಬರೆಯಬೇಕಾಗಲಿಲ್ಲ.

ಹೊಸದಾಗಿ ಬೇಕಾದದ್ದು ಮೆಸೇಜ್‌ನ ಟೆಂಪ್ಲೇಟ್ ಮಾತ್ರ. ಕನ್ನಡ ಎಸ್‌ಎಂಎಸ್ ಒಂದಕ್ಕೆ 70 ಚಿಹ್ನೆ, ಇಂಗ್ಲಿಷ್‌ಗೆ 160. ಇಲ್ಲಿ ಕಾಗುಣಿತದ ಗುರುತೂ ಅರ್ಧಾಕ್ಷರದ ಗುರುತೂ ಒಂದೊಂದಾಗಿ ಲೆಕ್ಕಕ್ಕೆ ಬರುತ್ತವೆ. 70 ಮೀರಿದರೆ ಮೆಸೇಜ್ ತಲಾ 67ರ ತುಂಡಾಗಿ ಹೋಗುತ್ತದೆ, ದುಡ್ಡೂ ಅಷ್ಟು ಪಟ್ಟು. ಹಾಗಾಗಿ ಉದ್ದ ಅಳೆಯುವುದು ಚಿಹ್ನೆಗಳ ಲೆಕ್ಕದಲ್ಲಿ, ಕತ್ತರಿಸುವುದು ಗ್ರಾಫೀಮ್ ಲೆಕ್ಕದಲ್ಲಿ. ಭಾರತದಲ್ಲಿ ಇಂಥ ಮೆಸೇಜ್‌ನ ಒಕ್ಕಣೆಯನ್ನು ಮೊದಲೇ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ಮೆಸೇಜ್ ನೋಂದಣಿ ವ್ಯವಸ್ಥೆ) ನೋಂದಾಯಿಸಬೇಕು, ನೋಂದಾಯಿಸಿದ್ದಕ್ಕಿಂತ ಒಂದು ಪದ ಆಚೀಚೆಯಾದರೂ ಮೆಸೇಜ್ ತಡೆಯಬಹುದು. ಅದಕ್ಕೇ ಒಕ್ಕಣೆ ತನ್ನದೇ ಫೈಲ್‌ನಲ್ಲಿ ಒಂಟಿಯಾಗಿದೆ. ಪುಟದ ಅಂದಚಂದ ತಿದ್ದುವವರ ಕೈ ಅದಕ್ಕೆ ತಾಗುವುದಿಲ್ಲ.

ಪಿಎಚ್‌ಪಿ ಆ್ಯಪ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು (ಫ್ರೇಂವರ್ಕ್) ಲಾರಾವೆಲ್‌ಗೆ ಯಾಕೆ ಹೋಗಲಿಲ್ಲ ಅಂತ ಗೆಳೆಯರು ಕೇಳಿದರು. ಹೊಸದಾಗಿ ಬರೆಯುವುದಾಗಿದ್ದರೆ ಹೋಗುತ್ತಿದ್ದೆ. ಇಲ್ಲಿ ಲೈಬ್ರರಿ ಒಂದು ದಿನವೂ ನಿಲ್ಲದೆ ಕೆಲಸ ಆಗಬೇಕಿತ್ತು, ಒಂದು ಪುಟ ಮುಗಿದ ಹಾಗೆ ಒಂದು ಪುಟ ಸರ್ವರ್‌ಗೆ ಏರಿಸಬೇಕಿತ್ತು. ಮುಂದೊಂದು ದಿನ ಫ್ರೇಂವರ್ಕ್ ಬೇಕೆನಿಸಿದರೆ ದಂಡದ ಫೈಲ್ ಒಂದಕ್ಷರವೂ ಬದಲಾಗದೆ ಅಲ್ಲಿಗೆ ಹೋಗುತ್ತದೆ.

ಪಿಎಚ್‌ಪಿ 8ಕ್ಕೆ ಏರಿದ ಸ್ವಲ್ಪ ಕಾಲಕ್ಕೆ ಟ್ರಸ್ಟ್‌ನವರು ದಂಡವನ್ನು ಒಂದರಿಂದ ಎರಡು ರೂಪಾಯಿಗೆ ಏರಿಸಿದರು. ಹಳೆಯ ದರ ಇದ್ದಾಗ ಕೊಂಡುಹೋದವರಿಗೆ ಹಳೆಯದೇ ಇರಲಿ ಅಂತ ಮೇಡಂ ಹೇಳಿದರು. ದರ ಹೊರಗಿನಿಂದ ಬರುವುದರಿಂದ ದಂಡದ ಫಂಕ್ಷನ್ ಮುಟ್ಟಲಿಲ್ಲ. ಯಾವ ತಾರೀಖಿನಿಂದ ಯಾವ ದರ ಅನ್ನುವ ಸಣ್ಣ ಟೇಬಲ್ ಸೇರಿಸಿದೆ, ಇಶ್ಯೂ ದಿನ ನೋಡಿ ದರ ಆರಿಸುವ ಕ್ವೆರಿ ಒಂದನ್ನು ಬರೆದೆ. ಕೌಂಟರ್, ಖಾತೆ ಪುಟ, ವರದಿ ಮೂರೂ ಈಗ ಒಂದೇ ಮೊತ್ತ ಹೇಳುತ್ತವೆ. ಎಕ್ಸೆಲ್ ಇಳಿಸುವ ಪುಟ ಮಾತ್ರ ಬಾಕಿ ಇದೆ. ಅದರ ಕ್ವೆರಿ ಹೊರಗೆ ಬಂದಿದೆ, ಒಳಗಿನ ಕಾಲಂ ಜೋಡಣೆ ಹಳೆಯದೇ. ಮಾರ್ಚ್ ಲೆಕ್ಕ ಮುಗಿದ ಮೇಲೆ ಅದನ್ನು ತೆರೆಯುತ್ತೇನೆ.